ಬಿಳಿ ಬಿಲ್ಲೆ, ಹಳದಿ ಬಿಲ್ಲೆ

ಸೋಮವಾರದ ದನದ ಸಂತೆಗೆ, ಜನ ಕಣ್ಣಳತೆ ಅಂತ ಕರೆಯುತ್ತಿದ್ದ ಯಜಮಾನ ಐದು ಕರು ಒಯ್ದ, ಸಂಜೆ ನಾಲ್ಕನ್ನು ವಾಪಸು ತಂದ. ಹೋದ ಒಂದು ಕೂಡ ಮಾರಾಟವಾಯಿತು ಅನ್ನುವುದಕ್ಕಿಂತ ಕೈ ತೊಳೆದುಕೊಂಡದ್ದು ಅನ್ನಬೇಕು. ಬಂದ ಬೆಲೆ ಟೆಂಪೋ ಬಾಡಿಗೆಗೆ ಸರಿಹೋಯಿತು. ದಾರಿಯುದ್ದಕ್ಕೂ ಅವನು ಡ್ರೈವರ್ ಪಕ್ಕದಲ್ಲಿ ಕೂತಿದ್ದ. ಹಿಂದಿನಿಂದ ಎರಡು ಕರುಗಳ ಉಸಿರು ಕೇಳುತ್ತಿತ್ತು, ಗೊರ ಗೊರ ಅಂತ, ಮುದುಕರು ನಿದ್ದೆಯಲ್ಲಿ ಎಳೆಯುವ ಹಾಗೆ. ಎಳೆಗರು ಹಾಗೆ ಉಸಿರಾಡಬಾರದು.

ಆ ಎರಡು ಕರುಗಳ ರೂಪವನ್ನು ಹೇಳಿಬಿಡಬೇಕು. ಎರಡು ತಿಂಗಳಾಗಿದ್ದರೂ ಮನುಷ್ಯನ ಮೊಣಕಾಲಿನ ಎತ್ತರ ದಾಟಿರಲಿಲ್ಲ. ಒಂದು ಗೇಣಿನ ಕಾಲು, ಮೈ ಮಾತ್ರ ದುಂಡಗೆ. ಹಣೆ ಮುಂದಕ್ಕೆ ಉಬ್ಬಿ, ಮೂಗು ಒಳಕ್ಕೆ ಒತ್ತಿ, ಕೆಳದವಡೆ ಚಾಚಿಕೊಂಡು ನಾಲಿಗೆಯ ತುದಿ ಸದಾ ಹೊರಗೇ ಇರುತ್ತಿತ್ತು. ಸಂತೆಯಲ್ಲಿ ಅವುಗಳ ಸುತ್ತ ಜನ ನೆರೆದದ್ದೇನೋ ನಿಜ, ಆದರೆ ಕೊಳ್ಳುವುದಕ್ಕಲ್ಲ. ಒಬ್ಬ, “ಯಜಮಾನ್ರೇ, ಕಾಲು ಮನೇಲೇ ಬಿಟ್ಟು ಬಂದಿದಾವಾ?” ಅಂದ. ಇನ್ನೊಬ್ಬ, “ಸಂತೆ ತಪ್ಪಿದ್ರಿ, ನಾಯಿಮರಿ ಮಾರೋದು ಆ ಕಡೆ” ಅಂತ ಬೆರಳು ತೋರಿಸಿದ. ನಗುವವರು ನಕ್ಕು ಹೋದರು. ಪಕ್ಕದಲ್ಲೇ ಕಟ್ಟಿದ್ದ ಮೂರು ಒಳ್ಳೆಯ ಕರುಗಳಲ್ಲಿ ಒಂದು ಅಗ್ಗಕ್ಕೆ ಹೋಯಿತು, ಉಳಿದೆರಡನ್ನು ಯಾರೂ ಮುಟ್ಟಿ ನೋಡಲಿಲ್ಲ, ಒಂದೇ ಕೊಟ್ಟಿಗೆಯವು ಅಂತ.

ಹಳೆಯ ಸ್ನೇಹಿತ ದಲ್ಲಾಳಿ ಮಾತ್ರ ನಗದೆ ಬಹಳ ಹೊತ್ತು ನಿಂತ. “ತಾಯಂತೆ ಕರು, ನೂಲಂತೆ ಸೀರೆ ಅಂತಾರೆ. ಇವುಗಳ ತಾಯಂದಿರನ್ನ ನಾನೇ ನೋಡಿದೀನಲ್ಲ, ಚೆನ್ನಾಗೇ ಇದಾವೆ. ಮತ್ತೆ ಇವು ಯಾರ ಹಾಗೆ?” ಅಂದ. ಕಣ್ಣಳತೆ ಕರುಗಳ ಹಗ್ಗ ಬಿಚ್ಚತೊಡಗಿದ. ಅವನನ್ನು ಹೆದರಿಸಿದ್ದು ಆ ಪ್ರಶ್ನೆ ಅಲ್ಲ, ಆ ನಗುವೂ ಅಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಆ ದಿನ ಯಾರೂ ಅವನನ್ನು ಕರೆದು, ನಮ್ಮ ದನದ ತೂಕ ಹೇಳು ಅಂತ ಕೇಳಲಿಲ್ಲ.

ಕಣ್ಣಳತೆ ಅನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತರ ವಯಸ್ಸಿನಲ್ಲಿ, ಸಂತೆಯ ತೂಕದ ಕಟ್ಟೆಯ ಮೇಲೆ ನಿಂತ ಒಂದು ಎತ್ತನ್ನು ನೋಡಿ, ತಕ್ಕಡಿ ಮೂವತ್ತು ಕೆಜಿ ಕಡಿಮೆ ತೋರಿಸ್ತಿದೆ ಅಂದುಬಿಟ್ಟ. ತಕ್ಕಡಿಯವನು ಉರಿದುಬಿದ್ದ. ಮೀಸೆ ಚಿಗುರುತ್ತಿದ್ದ ಹುಡುಗ ಕಬ್ಬಿಣದ ಮುಂದೆ ವಾದ ಮಾಡುವುದೇ ಅಂತ ನಾಲ್ಕು ಜನ ಗದರಿದರು. ಕೊನೆಗೆ ಹಲಗೆ ಎತ್ತಿ ನೋಡಿದರೆ ಕೆಳಗೆ ಒಂದು ಇಟ್ಟಿಗೆ ಸಿಕ್ಕಿಕೊಂಡಿತ್ತು. ಅಂದಿನಿಂದ ತಕ್ಕಡಿಯವನೇ ಅಂಕಿ ಓದುವ ಮುಂಚೆ ಇವನ ಮುಖ ನೋಡುತ್ತಿದ್ದ. ದನವನ್ನು ಒಂದು ಸುತ್ತು ಹಾಕಿ ಇವನು ಹೇಳಿದ ತೂಕ ನಾಲ್ಕೈದು ಕೆಜಿ ಆಚೀಚೆ ಆದರೆ ಅದೇ ಹೆಚ್ಚು. ಹಾಲು ಎಷ್ಟು ಕೊಡುತ್ತೆ, ಗಬ್ಬ ನಿಂತಿದೆಯೋ ಇಲ್ಲವೋ, ಯಾವ ಕಾಲಿನಲ್ಲಿ ನೋವಿದೆ, ಎಲ್ಲವೂ ಕಣ್ಣಲ್ಲೇ. ಬಂದ ಹೆಸರನ್ನು ಅವನು ಚೆನ್ನಾಗಿಯೇ ಹೊತ್ತು ಮೆರೆದ. ಯಾರಾದರೂ ಎದುರು ಮಾತಾಡಿದರೆ, “ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ” ಅಂದು ಬಾಯಿ ಮುಚ್ಚಿಸುತ್ತಿದ್ದ. ದಿನಕ್ಕೆ ಮೂರು ಸಲವಾದರೂ ಆ ಗಾದೆ ಅವನ ಬಾಯಲ್ಲಿ ಬರುತ್ತಿತ್ತು. ಗಾದೆಗಳಿಗೂ ನೆನಪಿನ ಶಕ್ತಿ ಇರುತ್ತದೆ ಅಂತ ಪಾಪ, ಅವನಿಗೆ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವನ ಕಣ್ಣಿಗೆ ಮಂಜು ಕವಿಯತೊಡಗಿತು. ಮೊದಲು ದೂರದ ಬೇಲಿ ಮಸುಕಾಯಿತು, ಆಮೇಲೆ ಬೇಲಿಯ ಪಕ್ಕದ ದನ, ಆಮೇಲೆ ಎದುರಿಗೆ ನಿಂತವರ ಮುಖ. ಪೊರೆ ಬಂದಿದೆ, ಆಸ್ಪತ್ರೆಗೆ ಹೋದರೆ ತೆಗೆಯುತ್ತಾರೆ ಅನ್ನುವುದು ಅವನಿಗೂ ಗೊತ್ತಿತ್ತು. ಆದರೆ ಅವನ ಅಪ್ಪನಿಗೂ ಪೊರೆ ಬಂದಿತ್ತು. ಅಪ್ಪ ಕಣ್ಣಿಗೆ ಕತ್ತರಿ ಹಾಕಿಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ. ಪಟ್ಟಿ ಬಿಚ್ಚಿದಾಗ ಕೀವು ತುಂಬಿ ಇದ್ದ ಬೆಳಕೂ ಹೋಗಿತ್ತು. ಹನ್ನೊಂದು ವರ್ಷ ಬಾಗಿಲ ಪಕ್ಕದ ಮಂಚದ ಮೇಲೆ ಕೂತಿದ್ದ. ಯಾರ ಹೆಜ್ಜೆ ಸದ್ದು ಕೇಳಿದರೂ, “ಬೆಳಗಾಯ್ತಾ?” ಅಂತ ಕೇಳುತ್ತಿದ್ದ. ಮಧ್ಯಾಹ್ನ ಊಟ ಮಾಡಿ ಕೈ ತೊಳೆದ ಮೇಲೂ ಕೇಳುತ್ತಿದ್ದ. ಆ ಮಂಚ ಇನ್ನೂ ಹಿತ್ತಲಿನಲ್ಲಿ ಗೋಡೆಗೆ ಒರಗಿ ನಿಂತಿತ್ತು. ಕಣ್ಣಳತೆ ಅದರ ಪಕ್ಕ ಹಾದು ಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದ.

ಹೀಗಾಗಿ ಅವನು ಬಾಯಿ ಮುಚ್ಚಿಕೊಂಡ, ಕೈ ಚುರುಕು ಮಾಡಿಕೊಂಡ. ದನದ ಸುತ್ತ ಬರುವಾಗ ಬೆನ್ನು ತಟ್ಟುವುದು, ಪಕ್ಕೆಯ ಮೇಲೆ ಅಂಗೈ ಇಡುವುದು, ತೊಡೆ ಹಿಡಿದು ನೋಡುವುದು. ನೋಡುವವರಿಗೆ ಅದು ಯಜಮಾನರ ಹೊಸ ಗತ್ತು. ಗೊರಸಿನ ಸದ್ದಿನಲ್ಲೇ ತೂಕ ಅಂದಾಜು ಮಾಡುವುದನ್ನು ಕಲಿತ. ತನಗೆ ಕಾಣದ್ದನ್ನು ಎದುರಿನವರ ಬಾಯಿಂದ ಹೊರಡಿಸುವ ಉಪಾಯವನ್ನೂ ಕಲಿತ. “ಇದರ ಬಣ್ಣ ಏನನ್ನೋಣ?” ಅಂತ ಪರೀಕ್ಷೆ ಮಾಡುವವನ ಹಾಗೆ ಕೇಳಿದರೆ, ಕೇಳಿಸಿಕೊಂಡವರು ಹೆಮ್ಮೆಯಿಂದ ಹೇಳುತ್ತಿದ್ದರು. ಹೆಂಡತಿಗೂ ಗೊತ್ತಾಗಲಿಲ್ಲ, ಅಥವಾ ಗೊತ್ತಾದದ್ದನ್ನು ಅವಳು ಹೇಳಲಿಲ್ಲ.

ಅವನ ಕೊಟ್ಟಿಗೆಯಲ್ಲಿ ಒಂದು ನಿಯಮವಿತ್ತು. ಹೊರಗಿನಿಂದ ಕೊಂಡು ತಂದ ಹಸುಗಳ ಕಿವಿಗೆ ಹಳದಿ ಬಿಲ್ಲೆ; ಅವನ ಹೋರಿಗೆ ಹುಟ್ಟಿದ ಹೆಣ್ಣುಗರುಗಳ ಕಿವಿಗೆ ಬಿಳಿ ಬಿಲ್ಲೆ. ಹಳದಿಯವು ಹೋರಿಯ ದೊಡ್ಡಿಗೆ ಹೋಗಬೇಕು, ಬಿಳಿಯವು ಎಂದಿಗೂ ಹೋಗಬಾರದು, ಮೂರು ಮೈಲಿ ಆಚೆಯ ಇನ್ನೊಬ್ಬರ ಹೋರಿಯ ಹತ್ತಿರ ಹೋಗಬೇಕು. ಅಪ್ಪನಿಗೆ ಮಗಳನ್ನು ಕೊಟ್ಟರೆ ವಂಶ ಕೆಡುತ್ತದೆ, ದನವಾದರೇನು, ಅನ್ನುತ್ತಿದ್ದ. ಈ ಲೆಕ್ಕ ಪೂರ್ತಿ ಇದ್ದದ್ದು ಅವನ ತಲೆಯಲ್ಲಿ. ವರ್ಷಕ್ಕೊಮ್ಮೆ ಗೇಟಿನ ಪಕ್ಕ ನಿಂತು, ದನಗಳು ಒಂದೊಂದಾಗಿ ಹಾದು ಬರುವಾಗ, ಹೋರಿಯ ದೊಡ್ಡಿಗಾದರೆ “ಎಡ”, ಇಲ್ಲದಿದ್ದರೆ “ಬಲ” ಅಂತ ಕೂಗುತ್ತಿದ್ದ. ಹೆಂಡತಿ ಗೇಟು ತಿರುಗಿಸುತ್ತಿದ್ದಳು. ಕೂಗಿದ ಮೇಲೆ ಎರಡನೇ ಮಾತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ದನದ ಡಾಕ್ಟರು ಬಂದಳು. ಮೂವತ್ತೈದರ ಹೆಂಗಸು, ಗಮ್‌ಬೂಟು ಹಾಕಿಕೊಂಡೇ ಕೊಟ್ಟಿಗೆಯೊಳಗೆ ನಡೆದವಳು ಆ ಎರಡು ಕರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹಣೆ, ದವಡೆ, ಕಾಲು ಎಲ್ಲ ಮುಟ್ಟಿ ನೋಡಿದಳು.

“ಇದು ರಕ್ತದಲ್ಲಿ ಬರೋ ದೋಷ, ಯಜಮಾನ್ರೇ. ಹೋರಿಯಲ್ಲಿ ಅಡಗಿರುತ್ತೆ. ಹೊರಗಿನ ಹಸುಗೆ ಕೊಟ್ರೆ ಏನೂ ಆಗಲ್ಲ. ಅದರ ಮಗಳಿಗೇ ಕೊಟ್ರೆ ಹೀಗೆ ಹೊರಗೆ ಬರುತ್ತೆ. ಮಗಳನ್ನೇನಾದ್ರೂ ಬಿಟ್ಟಿದ್ರಾ?”

“ಅದು ಈ ಕೊಟ್ಟಿಗೇಲಿ ನಡೆಯೋ ಮಾತಲ್ಲ, ಡಾಕ್ಟ್ರಮ್ಮ,” ಅಂದ ಕಣ್ಣಳತೆ. ಅವನ ಜಂಬ ಎದ್ದು ನಿಂತಿತ್ತು. “ಹೋರಿ ಹತ್ರ ಹೋಗೋದು ಹಳದಿ ಬಿಲ್ಲೆ ಮಾತ್ರ. ಬಿಳಿ ಬಿಲ್ಲೆ ಆ ಕಡೆ ತಲೆ ಹಾಕಂಗಿಲ್ಲ.”

ಡಾಕ್ಟರು ಎದ್ದು ಪಕ್ಕದ ಎರಡು ಹಸುಗಳ ಕಿವಿ ಹಿಡಿದು ನೋಡಿದಳು. ಆಮೇಲೆ, “ಈ ಎರಡು ತಾಯಂದಿರ ಕಿವಿಯಲ್ಲೂ ಇರೋದು ಬಿಳಿ ಬಿಲ್ಲೆ ಅಲ್ವಾ?” ಅಂದಳು.

ಎದುರಿಗೆ ಎರಡು ಹಸುಗಳಿದ್ದವು, ಎರಡರ ಕಿವಿಯಲ್ಲೂ ಒಂದೊಂದು ಚುಕ್ಕೆ ತೂಗುತ್ತಿತ್ತು, ಅವನ ಕಣ್ಣಿಗೆ ಎರಡೂ ಹಳದಿಯೇ. ಪೊರೆ ಬಲಿತ ಕಣ್ಣಿನಲ್ಲಿ ಬಿಳಿಯೆಲ್ಲ ಹಳದಿಯಾಗುತ್ತದೆ ಅನ್ನುವುದು ಅವನಿಗೆ ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಅವನ ಕೈ ತಾನಾಗಿ ಕಣ್ಣಿನ ಹತ್ತಿರ ಹೋಯಿತು. ಅದನ್ನು ಬೆವರು ಒರೆಸುವುದಕ್ಕೆ ಅಂತ ತಿರುಗಿಸಿದ.

“ಅವಾ? ಹಳದಿ ಬಿಲ್ಲೆ ಮುಗಿದಿತ್ತು. ಬಿಳೀದೇ ಹಾಕಿದ್ವಿ,” ಅಂದ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಭಯವಾಯಿತು. ಡಾಕ್ಟರು ನಂಬಿದಳು, ಕಣ್ಣಳತೆಯ ಮಾತನ್ನು ನಂಬದಿರುವವರು ಯಾರು? ಹಾಗಾದರೆ ಬೇರೆ ಕಾರಣ ಇರಬೇಕು ಅಂತ ಯಾವುದೋ ಪುಡಿ ಬರೆದುಕೊಟ್ಟಳು. ಹೋಗುವಾಗ ಜೀಪಿನ ಬಾಗಿಲು ಹಿಡಿದುಕೊಂಡು ಹೇಳಿದಳು: “ಇವೆರಡೂ ಮೂರು ಮೂರು ಹೆತ್ತ ಹಸು, ದಾರಿ ಸಡಿಲ ಇತ್ತು, ಬದುಕಿದಾವೆ. ಇಂಥ ತಲೆಯ ಕರು ಚೊಚ್ಚಲ ಕಡಸಿನ ಹೊಟ್ಟೇಲಿ ಇದ್ರೆ ಕಥೆ ಬೇರೆ. ನೋವು ಬರೋ ಮುಂಚೆನೇ ನಾನು ಕೊಯ್ದು ತೆಗೀಬೇಕು. ಅಂಥದ್ದು ಇದ್ರೆ ಈಗಲೇ ಹೇಳಿ.”

“ಇಲ್ಲ,” ಅಂದ ಕಣ್ಣಳತೆ.

ಜೀಪು ಹೋದ ಮೇಲೆ ಅವನಿಗೆ ತಂಗಿಯ ಕಡಸು ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳು. ಇಲ್ಲ ಅನ್ನುವಾಗಲೇ ಅದು ಅವನ ಕಣ್ಣ ಮುಂದೆ ನಿಂತಿತ್ತು.

ತಂಗಿಯ ಮನೆ ಅದೇ ಬೀದಿಯಲ್ಲಿ, ನಾಲ್ಕು ಬಾಗಿಲು ಆಚೆ. ಗಂಡ ತೀರಿಕೊಂಡ ಮೇಲೆ ಒಂದು ಹಸು ಕಟ್ಟಿಕೊಂಡು ಬೀದಿಯ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಹಸು ಸತ್ತ ಮೇಲೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಸೋಪಿನ ನೀರಿಗೆ ಬೆರಳ ಸಂದಿಗಳೆಲ್ಲ ಒಡೆದಿದ್ದವು. ಕಳೆದ ವರ್ಷ ಅಣ್ಣ ತನ್ನ ಕೊಟ್ಟಿಗೆಯಿಂದ ಒಂದು ಕೆಂದ ಕಡಸನ್ನು ಆರಿಸಿ, ಹೋರಿಗೆ ಬಿಟ್ಟು, ಗಬ್ಬ ನಿಂತದ್ದು ಖಾತ್ರಿಯಾದ ಮೇಲೆ ತಾನೇ ಹಗ್ಗ ಹಿಡಿದು ತಂದು ಅವಳ ಬಾಗಿಲಲ್ಲಿ ಕಟ್ಟಿದ್ದ. ಆ ಕಡಸನ್ನು ಆರಿಸಿದ್ದೂ ಅದೇ ಗೇಟಿನ ಬಳಿ, ಆ ಎರಡು ಹಸುಗಳು ಹೋರಿಯ ಕಡೆ ಹೋದ ದಿನವೇ. ಅದು ಇನ್ನೇನು ಈ ವಾರ ಕರು ಹಾಕಬೇಕಿತ್ತು. ಅಂಗಡಿಯವನಿಗೆ, ಈ ತಿಂಗಳೇ ಕೊನೆ, ಇನ್ನು ಬರಲ್ಲ ಅಂತ ತಂಗಿ ಹೇಳಿಯಾಗಿತ್ತು.

ಅವನು ಹೋದಾಗ ತಂಗಿ ಅಂಗಳದಲ್ಲಿ ಹಾಲಿನ ಕ್ಯಾನುಗಳನ್ನು ಉಜ್ಜಿ ಬೋರಲು ಹಾಕುತ್ತಿದ್ದಳು. “ಬಾ ಅಣ್ಣ, ಹೊತ್ತೇ ಇಲ್ದ ಹೊತ್ನಲ್ಲಿ,” ಅಂದಳು. ಅವನು ಕಡಸಿನ ಹತ್ತಿರ ಹೋಗಿ ಕಿವಿ ಹಿಡಿದ. ಬಿಲ್ಲೆಯನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ತಂದ, ಹಗ್ಗ ಬಿಚ್ಚಿ ಬಿಸಿಲಿಗೆ ಎಳೆದು ನಿಲ್ಲಿಸಿ ನೋಡಿದ. ಹಳೆಯ ಕಾಗದದ ಬಣ್ಣ. ತನ್ನ ಅಂಗಿಯ ತೋಳನ್ನು ಅದರ ಪಕ್ಕ ಹಿಡಿದ. ಬೆಳಿಗ್ಗೆ ತಾನೇ ಹೆಂಡತಿ ಒಗೆದು ಕೊಟ್ಟ ಬಿಳಿ ಅಂಗಿ. ಅದೂ ಹಳೆಯ ಕಾಗದದ ಬಣ್ಣವೇ. ಅಂಗಿ ಬಿಳಿಯಾದರೆ ಬಿಲ್ಲೆಯೂ ಬಿಳಿ. ಬಿಲ್ಲೆ ಬಿಸಿಲಿಗೆ ಮಾಸಿದ ಹಳದಿಯೂ ಇರಬಹುದು. ಎಳೆಯ ಮಗುವೂ ಹೇಳುವಂಥದ್ದನ್ನು ಅವನು ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಕೊನೆಗೆ ಹಳೆಯ ಉಪಾಯವನ್ನೇ ಮಾಡಿದ. “ಏನಮ್ಮ ಇದು, ಬಿಲ್ಲೆಯೆಲ್ಲ ಸಗಣಿ ಮೆತ್ತಿದೆ. ಒಂಚೂರು ಒರೆಸಬಾರದಾ?” ಅಂದ.

ತಂಗಿ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಒರೆಸಿದಳು. “ಎಲ್ಲಿದೆ ಸಗಣಿ? ದಿನಾ ತೊಳೀತೀನಿ ನಾನು. ನೋಡು, ಹಾಲಿನಷ್ಟು ಬೆಳ್ಳಗಿದೆ,” ಅಂದಳು. ಆಮೇಲೆ ಕಡಸಿನ ಕೊರಳು ಕೆರೆಯುತ್ತಾ, “ಅಂಗಡಿಯವನು ಕೇಳ್ದ, ಚೊಚ್ಚಲು, ನೆಚ್ಚಿಕೊಂಡು ಕೆಲಸ ಬಿಡ್ತೀಯಾ ಅಂತ. ನಮ್ಮಣ್ಣ ಕಣ್ಣಿಟ್ಟು ಆರಿಸಿದ್ದು, ನಂಗೇನು ಭಯ ಅಂದೆ,” ಅಂದಳು.

ಕಣ್ಣಳತೆ ಬಾಯಿ ತೆರೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವಳಿಗೆ ಹೇಳಿದರೆ ನಾಳೆ ಬೀದಿಗೆ, ಸೋಮವಾರ ಸಂತೆಗೆ. ಆಮೇಲೆ ಮನೆಯವರೆಲ್ಲ ಸೇರಿ ಆಸ್ಪತ್ರೆಗೆ ಎಳೆಯುತ್ತಾರೆ, ಆಮೇಲೆ ಪಟ್ಟಿ, ಆಮೇಲೆ ಆ ಮಂಚ. ಬಾಯಿ ಮುಚ್ಚಿಕೊಂಡು ಮನೆಗೆ ಬಂದ.

ಬುಧವಾರ, ಗುರುವಾರ ಅವನು ನಿದ್ದೆಗೆಟ್ಟ ನಾಯಿಯಂತೆ ಬೀದಿಯಲ್ಲಿ ಓಡಾಡಿದ. ಬಿಳಿ ಬಿಲ್ಲೆಯವಕ್ಕೆ ಹುಟ್ಟುವ ಎಲ್ಲ ಕರುಗಳೂ ಹೀಗಾಗುವುದಿಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾಲ್ಕರಲ್ಲಿ ಒಂದೋ, ಎಂಟರಲ್ಲಿ ಒಂದೋ ಏನೋ. ಮತ್ತೆ ಮರುಕ್ಷಣವೇ ಕೊಟ್ಟಿಗೆಯಿಂದ ಆ ಗೊರ ಗೊರ ಉಸಿರು ಕೇಳುತ್ತಿತ್ತು. ತಂಗಿಯ ಅಂಗಳಕ್ಕೆ ಗಂಟೆಗೊಮ್ಮೆ ಹೋಗಿ ಕಡಸಿನ ಹೊಟ್ಟೆಗೆ ಕಿವಿಯಿಟ್ಟು ಬರುತ್ತಿದ್ದ. “ನಿಮ್ಮ ತಂಗಿ ಹೆರ್ತಿದ್ದಾಳೋ ಕಡಸೋ?” ಅಂತ ಹೆಂಡತಿ ರೇಗಿಸಿದಳು. ಅವನು ತಟ್ಟೆ ಮುಂದೆ ಕೂತು ಒಂದು ತುತ್ತನ್ನೇ ಕಲೆಸುತ್ತಿದ್ದ. ಅವಳು ನಗು ನಿಲ್ಲಿಸಿ, “ಏನಾಗಿದೆ ನಿಮಗೆ?” ಅಂತ ಕೇಳಿದಳು. ಹೊಟ್ಟೆ ಸರಿ ಇಲ್ಲ ಅಂದ.

ಗುರುವಾರ ಸಂಜೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಹಾಗೆ, ಪಕ್ಕದ ಮನೆಯ ಹುಡುಗನಿಂದ ನಂಬರು ಹಚ್ಚಿಸಿಕೊಂಡು ಡಾಕ್ಟರಿಗೆ ಫೋನ್ ಮಾಡಿದ. “ತಂಗಿ ಮನೇಲಿ ಒಂದು ಚೊಚ್ಚಲ ಕಡಸಿದೆ, ಬಂದು ಪಕ್ಕದಲ್ಲಿ ಇರಬಹುದಾ?” ಅಂದ.

“ಏನು ತೊಂದ್ರೆ ಇದೆ?”

“ತೊಂದ್ರೆ ಏನಿಲ್ಲ. ಸುಮ್ನೆ, ಒಂದು ಧೈರ್ಯಕ್ಕೆ.”

ಆ ಕಡೆಯಿಂದ ಅವಳು ನಕ್ಕಳು. “ಯಜಮಾನ್ರೇ, ನೀವಿರೋ ಕಡೆ ನಾನ್ಯಾಕೆ? ನಂಗೆ ನಾಳೆ ಆರು ಊರು ಸುತ್ತೋದಿದೆ. ಕಾರಣ ಇದ್ರೆ ಹೇಳಿ, ಎಲ್ಲ ಬಿಟ್ಟು ಬರ್ತೀನಿ.”

ಕಾರಣ ಅವನ ಗಂಟಲವರೆಗೆ ಬಂತು. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಿತು. “ಇಲ್ಲ ಬಿಡಿ,” ಅಂದು ಫೋನ್ ಇಟ್ಟ. ಮನುಷ್ಯನಿಗೆ ದೇವರು ಬಾಗಿಲು ತೆಗೆದು ಹಿಡಿದರೂ ಜಂಬ ಒಳಗಿನಿಂದ ಅಗುಳಿ ಹಾಕುತ್ತದೆ. ಅವನದು ಬರಿಯ ಜಂಬವೂ ಅಲ್ಲ, ಭಯ. ಭಯಸ್ಥನನ್ನು ಬಯ್ಯುವುದು ಸುಲಭ, ಆದರೆ ಆ ಮಂಚದ ಮೇಲೆ ಕೂತವನನ್ನು ಹನ್ನೊಂದು ವರ್ಷ ದಿನಾ ನೋಡಿದವನು ಅವನು.

ಶುಕ್ರವಾರ ಮಧ್ಯಾಹ್ನ ತಂಗಿ ಕೂಗಿದಳು. ಅವನು ಓಡಿದ, ದಾರಿಯಲ್ಲಿ ಯಾರದೋ ಬಕೆಟ್ಟಿಗೆ ಎಡವಿ ಮೊಣಕಾಲು ತರಚಿಕೊಂಡ. ಕಡಸು ಮಲಗಿ ಎದ್ದು, ಎದ್ದು ಮಲಗಿ ಮಾಡುತ್ತಿತ್ತು. ನೀರುಚೀಲ ಒಡೆದು ಅರ್ಧ ಗಂಟೆಯಾಗಿತ್ತು, ಕರುವಿನ ಕಾಲು ಇನ್ನೂ ಕಂಡಿರಲಿಲ್ಲ. ತಂಗಿ ಬಿಸಿನೀರು, ಸೋಪು, ಹಗ್ಗ ಎಲ್ಲ ಜೋಡಿಸಿಟ್ಟಿದ್ದಳು. ಹಿಂದೆಯೇ ಹೆಂಡತಿಯೂ ಬಂದಳು. ಅವನು ತೋಳು ಮಡಚಿ, ಸೋಪು ಹಚ್ಚಿಕೊಂಡು ಕೈ ಒಳಗೆ ಹಾಕಿದ.

ಕೈಗೆ ಪೊರೆ ಬಂದಿರಲಿಲ್ಲ. ಮೊದಲು ಸಿಕ್ಕಿದ್ದು ಎರಡು ಮುಂಗಾಲು, ದಪ್ಪ, ಮೋಟು, ಗೊರಸಿನ ಹಿಂದೆಯೇ ಮೊಣಕಾಲು. ಅದರ ಹಿಂದೆ ತಲೆ. ಮೂತಿ ಸಿಗಬೇಕಾದ ಕಡೆ ಹಣೆಯೇ ಸಿಕ್ಕಿತು. ಉಬ್ಬಿ, ನೀರು ತುಂಬಿದ ಚೀಲದ ಹಾಗೆ ಮೆತ್ತಗೆ, ದಾರಿಯ ತುಂಬ. ಬೆರಳಿಗೆ ಕರುವಿನ ನಾಲಿಗೆ ತಾಗಿತು. ಅದು ಮೆಲ್ಲಗೆ ಬೆರಳನ್ನು ಚೀಪಿತು. ಇನ್ನೂ ಜೀವವಿತ್ತು.

“ಏನಣ್ಣ? ಸರಿ ಇದೆಯಾ?” ಅಂದಳು ತಂಗಿ. “ಹಗ್ಗ ಕೊಡ್ಲಾ? ಎಳೆಯೋಣ್ವಾ?”

ಎಳೆದರೆ ಕಡಸು ಅಲ್ಲೇ ಹರಿದುಹೋಗುತ್ತದೆ. ಅವನು ಕೈ ಹೊರಗೆ ತೆಗೆದ. “ಬೇಡ. ಎಳೀಬೇಡ. ಹಗ್ಗ ಆಚೆ ಇಡು,” ಅಂದ. “ಡಾಕ್ಟ್ರಿಗೆ ಫೋನ್ ಹಚ್ಚು. ನನ್ ಕೈಗೆ ಕೊಡು. ನಂಬರು ನಂಗೆ ಕಾಣಲ್ಲ.”

ತಂಗಿ ಅವನ ಮುಖ ನೋಡಿದಳು. ಹೆಂಡತಿ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದಳು.

“ಡಾಕ್ಟ್ರಮ್ಮ, ಅವತ್ತು ನಾನು ಸುಳ್ಳು ಹೇಳ್ದೆ. ಹಳದಿ ಬಿಲ್ಲೆ ಮುಗಿದಿರ್ಲಿಲ್ಲ. ನನ್ ಕಣ್ಣಿಗೆ ಬಿಳಿ, ಹಳದಿ ಎರಡೂ ಒಂದೇ. ಎರಡು ವರ್ಷ ಆಯ್ತು. ಬಿಳಿಯವನ್ನ ನಾನೇ ಹೋರಿಗೆ ಬಿಟ್ಟಿದೀನಿ. ಇದೂ ಬಿಳೀದೇ. ತಲೆ ದಾರೀಲಿ ಸಿಕ್ಕಿದೆ,” ಅಂತ ಒಂದೇ ಉಸಿರಿಗೆ ಹೇಳಿದ. ಬೇಲಿಯಾಚೆ ಎರಡು ಮೂರು ಜನ ನಿಂತು ಕೇಳುತ್ತಿದ್ದರು; ಕೇಳಲಿ ಅನ್ನಿಸಿತು.

“ಯಾರೂ ಕೈ ಹಾಕ್ಬೇಡಿ,” ಅಂದಳು ಡಾಕ್ಟರು. “ಎದ್ದು ನಿಂತಿರೋ ಹಾಗೆ ನೋಡ್ಕೊಳ್ಳಿ. ನಾನೀಗ ಬಹಳ ದೂರ ಇದೀನಿ. ಎರಡು ಗಂಟೆ ಬೇಕು.”

ಆ ಎರಡು ಗಂಟೆಗಳನ್ನು ವಿವರಿಸುವುದು ಬೇಡ. ಕಡಸು ತಿಣುಕಿದಾಗಲೆಲ್ಲ ಕಣ್ಣಳತೆ ಅದರ ಕೊರಳನ್ನು ತಬ್ಬಿಕೊಂಡು, ಬೇಡ ಕಣವ್ವ, ಬೇಡ, ತಡಿ ಅನ್ನುತ್ತಿದ್ದ. ದನಕ್ಕೆ ತಡೆಯುವುದು ಗೊತ್ತೇ? ಡಾಕ್ಟರು ಬಂದು ಪಕ್ಕೆ ಕೊಯ್ದು ಕರು ತೆಗೆಯುವ ಹೊತ್ತಿಗೆ ಅದು ಸತ್ತಿತ್ತು. ಕಡಸಿನ ಗರ್ಭಕೋಶ ಒಳಗೇ ಹರಿದಿತ್ತು. ಹೊಲಿಗೆ ಹಾಕಿ, ಕೈಗವಸು ಕಳಚಿ, ಅವಳು ತಂಗಿಯ ಕಡೆ ತಿರುಗಿ ಹೇಳಿದಳು: “ಬದುಕುತ್ತೆ. ಆದ್ರೆ ಇನ್ನು ಕರು ಹಾಕಲ್ಲ. ಹಾಲೂ ಅಷ್ಟಕ್ಕಷ್ಟೇ. ನೋವು ಬರೋ ಮುಂಚೆ ಗೊತ್ತಿದ್ದಿದ್ರೆ ಇಷ್ಟಾಗ್ತಿರ್ಲಿಲ್ಲ.”

ಅವಳು ಹೋದ ಮೇಲೆ ಹೆಂಡತಿ ಮೊದಲು ಬಾಯಿ ಬಿಟ್ಟಳು. “ಗೇಟಿನ ಹತ್ರ ಬಿಳಿಯವು ಹೋರಿ ಕಡೆ ಹೋಗಿದ್ದನ್ನ ನಾನು ನೋಡ್ದೆ. ನೀವು ಕೂಗಿದ ಮೇಲೆ ಸರಿ ಇರ್ಬೇಕು ಅಂದ್ಕೊಂಡೆ.” ಅವಳು ಅಳುತ್ತಿದ್ದಳು. ಕಣ್ಣಳತೆಗೆ ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು.

ತಂಗಿ ಅಳಲಿಲ್ಲ. ಬೋರಲು ಹಾಕಿದ್ದ ಕ್ಯಾನುಗಳ ಪಕ್ಕ ಕೂತು, ಒಡೆದ ಬೆರಳುಗಳನ್ನು ನೋಡಿಕೊಳ್ಳುತ್ತಾ ಒಂದೇ ಪ್ರಶ್ನೆ ಕೇಳಿದಳು.

“ಇದು ಬಿಳೀದು ಅಂತ ನಿಂಗೆ ಯಾವತ್ತು ಗೊತ್ತಾಯ್ತು?”

“ಮಂಗಳವಾರ. ನೀನು ಒರೆಸಿದಾಗ.”

“ಇವತ್ತು ಶುಕ್ರವಾರ,” ಅಂದಳು.

ಕಣ್ಣು ಹೋದದ್ದಕ್ಕೆ ಅವಳು ಏನೂ ಅನ್ನುತ್ತಿರಲಿಲ್ಲ, ಅವನಿಗೆ ಅದು ಆಗಲೇ ಅರ್ಥವಾಯಿತು. ಅವಳು ಲೆಕ್ಕ ಹಾಕಿದ್ದು ಆ ನಾಲ್ಕು ದಿನ.

ಮುಂದಿನ ಸೋಮವಾರ ಅವನೇ ಸಂತೆಗೆ ಹೋಗಿ ದಲ್ಲಾಳಿಗೆ ಎಲ್ಲ ಹೇಳಿದ. ಒಬ್ಬಿಬ್ಬರು ನಕ್ಕರು, ಇಬ್ಬರು ಮೂವರು ಈ ಎರಡು ವರ್ಷದ ವ್ಯಾಪಾರ ನೆನಪಿಸಿಕೊಂಡು ಕೆಕ್ಕರಿಸಿದರು, ಹೆಚ್ಚಿನವರು ಏನೂ ಹೇಳದೆ ದೂರ ಸರಿದರು. ಹೋರಿಯನ್ನು ಮಾಂಸದವರಿಗೆ ಕೊಟ್ಟ. ತೂಕದ ಕಟ್ಟೆಯ ಮೇಲೆ ಅದು ನಿಂತಾಗ ತಕ್ಕಡಿಯವನು ಅಭ್ಯಾಸಬಲದಿಂದ ಇವನ ಮುಖ ನೋಡಿದ. “ನೀನೇ ಓದಪ್ಪ,” ಅಂದ ಕಣ್ಣಳತೆ.

ತಂಗಿಗೆ ತನ್ನ ಕೊಟ್ಟಿಗೆಯಲ್ಲಿದ್ದ ಅತ್ಯುತ್ತಮ ಹಸುವನ್ನು ಕೊಟ್ಟ, ಹಳದಿ ಬಿಲ್ಲೆಯದು, ಮೂರನೇ ಕರುವಿನ ಹಾಲು. ಅವಳು ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಿಲ್ಲೆಯ ಬಣ್ಣ ತಾನೇ ನೋಡಿ, ಹಗ್ಗ ಹಿಡಿದು ಹೊಡೆದುಕೊಂಡು ಹೋದಳು. ಅಣ್ಣನೊಡನೆ ಮಾತಾಡಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಬೀದಿಯಲ್ಲಿ ಅವಳ ಕ್ಯಾನುಗಳ ಸದ್ದು ಕೇಳಿದರೆ ಅವನು ಬಾಗಿಲಿಗೆ ಬರುತ್ತಿದ್ದ. ಸದ್ದು ಅವನ ಬಾಗಿಲು ದಾಟಿ ಮುಂದೆ ಹೋಗುತ್ತಿತ್ತು. ಈಗ ಅವನಿಗೆ ಹಗಲಲ್ಲೂ ಅಂಗಳದ ಅಂಚು ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಸಿ ಎದ್ದವನು ಹೆಂಡತಿಯ ಹೆಜ್ಜೆ ಕೇಳಿ, “ಬೆಳಗಾಯ್ತಾ?” ಅಂತ ಕೇಳಿಬಿಟ್ಟ.

ದನ ಬೇರ್ಪಡಿಸುವ ದಿನ ಬಂತು. ಹೋರಿ ಇಲ್ಲದಿದ್ದರೂ ಬಿಳಿಯವನ್ನೂ ಹಳದಿಯವನ್ನೂ ಬೇರೆ ಮಾಡಿ, ಬಿಳಿಯವು ಯಾವ ಮನೆಗೆ ಹೋದರೂ ರಕ್ತದ ದೋಷದ ವಿಷಯ ಹೇಳಿಯೇ ಕೊಡಬೇಕೆಂದು ಡಾಕ್ಟರು ಹೇಳಿದ್ದಳು. ಕಣ್ಣಳತೆ ಗೇಟಿನ ಪಕ್ಕ ನಿಂತ, ಬಾಯಿ ಮಾತ್ರ ಏಳಲಿಲ್ಲ. ಹೆಂಡತಿ ಗೇಟು ಹಿಡಿದಿದ್ದಳು. ಮೊದಲ ಹಸು ಹತ್ತಿರ ಬಂತು. ಆಗ ಅವನ ಬಲಗಡೆಯಿಂದ ಒಂದು ಧ್ವನಿ ಕೇಳಿತು.

“ಹಳದಿ.”

ತಂಗಿ ಬಂದು ನಿಂತಿದ್ದಳು. ಯಾವಾಗ ಬಂದಳೋ ಅವನಿಗೆ ತಿಳಿಯಲಿಲ್ಲ. ಅವನು “ಎಡ,” ಅಂತ ಕೂಗಿದ. ಗೇಟು ತಿರುಗಿತು.

“ಬಿಳಿ.”

“ಬಲ.”

ಹನ್ನೊಂದು ದನ ಹೀಗೇ ಹೋದವು. ಅವಳು ಆ ಎರಡು ಪದ ಬಿಟ್ಟು ಇನ್ನೊಂದು ಪದ ಆಡಲಿಲ್ಲ. ಕೊನೆಯಲ್ಲಿ ಮೋಟುಗಾಲಿನ ಕರು ಬಂತು. ಎರಡರಲ್ಲಿ ಉಳಿದದ್ದು ಅದೊಂದೇ. ಗೊರ ಗೊರ ಉಸಿರು ಎಳೆಯುತ್ತಾ, ಒಂದೊಂದು ಗೇಣಿನ ಹೆಜ್ಜೆ ಇಡುತ್ತಾ ಬಂದು ಅವನ ಮೊಣಕಾಲಿಗೆ ಹಣೆ ಒತ್ತಿ ನಿಂತಿತು. ಅದರ ಕಿವಿಯಲ್ಲಿ ಬಿಲ್ಲೆಯೇ ಇರಲಿಲ್ಲ. ಯಾವ ಕಡೆಗೂ ಸೇರದ್ದು. ತಂಗಿ ಬಗ್ಗಿ ಅದರ ಹಣೆ ಸವರಿದಳು.

“ಮಂಗಳವಾರ ಬೆಳಿಗ್ಗೆ ಬಸ್ಸಿದೆ,” ಅಂದಳು ಆಮೇಲೆ. “ಕಣ್ಣಾಸ್ಪತ್ರೆಗೆ. ಚೀಟಿ ಬರೆಸಿದೀನಿ. ಅಪ್ಪನಿಗೆ ಆದ ಹಾಗೇ ಆಗುತ್ತೆ ಅಂತ ಏನಿಲ್ಲ. ಆದ್ರೂ ಆಗಬಹುದು. ನಾನು ಜೊತೇಲಿ ಇರ್ತೀನಿ.” ಕರುವಿನ ಹಣೆಯಿಂದ ಕೈ ತೆಗೆದು, “ಈ ಸಲ ನಾಲ್ಕು ದಿನ ಕಾಯಿಸ್ಬೇಡ,” ಅಂದಳು.

ಕಣ್ಣಳತೆಯ ಕೈ ಗೇಟಿನ ಕಂಬವನ್ನು ಹುಡುಕಿ ಹಿಡಿದುಕೊಂಡಿತು. ಹಿತ್ತಲಿನ ಗೋಡೆಗೆ ಒರಗಿದ ಮಂಚ ಅವನಿಗೆ ಅಲ್ಲಿಂದ ಕಾಣುತ್ತಿರಲಿಲ್ಲ, ಆದರೆ ಅದು ಎಲ್ಲಿದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು.

“ನಂಗೆ ಹೆದರಿಕೆ ಆಗುತ್ತಮ್ಮ,” ಅಂದ.

“ಗೊತ್ತು,” ಅಂದಳು ತಂಗಿ. “ಅದನ್ನೇ ಆ ಮಂಗಳವಾರ ಹೇಳ್ಬೇಕಿತ್ತು.”